ಅಡ್ವಾನ್ಸ್ ತಗೊಂಡ ಮೇಲಿನ ಪ್ರಾರ್ಥನೆ

(ಓದುಗರ ಪ್ರಶ್ನೆ, ಮೇಷ್ಟ್ರ ಉತ್ತರ)

ಈ ಸಲ ಕಾಗದ ಜಾಸ್ತಿ ಬಂದಿವೆ, ಮಳೆಗಾಲ ನೋಡಿ, ಮನೇಲೇ ಕೂತವರಿಗೆ ಪೆನ್ನು ತಾನಾಗೇ ಕೈಗೆ ಬರುತ್ತೆ. ಎಲ್ಲದಕ್ಕೂ ಉತ್ತರ ಬರೆಯಕ್ಕೆ ಜಾಗ ಇಲ್ಲ, ಹೆಚ್ಚುಕಮ್ಮಿ ಒಂದೇ ವಿಷಯಕ್ಕೆ ಸೇರೋ ಐದನ್ನ ಆರಿಸ್ಕೊಂಡಿದೀನಿ. ಮೊದಲನೇದು ಉದ್ದ ಇದೆ, ನನ್ನ ಉತ್ತರ ಅದಕ್ಕಿಂತ ಉದ್ದ, ಬೇಜಾರಾದ್ರೆ ಮಧ್ಯ ಎದ್ದು ಕಾಫಿ ಮಾಡ್ಕೊಂಡು ಬನ್ನಿ.

ಪ್ರ: ಮೇಷ್ಟ್ರೇ, ನಮ್ಮ ತಂದೆ ತೀರ್ಕೊಂಡು ನಾಲ್ಕು ವರ್ಷ ಆಯ್ತು, ವಿಲ್ ಏನೂ ಬರೆದಿಟ್ಟಿಲ್ಲ. ಎರಡೂವರೆ ಎಕರೆ ಅಡಿಕೆ ತೋಟ ಅಣ್ಣನ ಕೈಲಿದೆ, ಅಮ್ಮ ಅವನ ಜೊತೇಲೇ ಇದಾರೆ. ನಾನು, ತಂಗಿ ಪಾಲಿನ ಮಾತು ಎತ್ತಿದಾಗೆಲ್ಲ "ಪ್ರಾರ್ಥನೆ ಮಾಡ್ತಿದೀನಿ, ದೇವರ ಸಮಯ ಬರ್ಲಿ" ಅಂತಾನೆ. ನಮ್ಮ ಪಾಸ್ಟರ್ ಮನೆಗೆ ಬಂದು ಎಲ್ಲರೂ ಒಟ್ಟಿಗೆ ಕೂತು ಮೂರು ದಿನ ಪ್ರಾರ್ಥನೆ ಮಾಡಿ ದೇವರ ಚಿತ್ತ ಏನು ಅಂತ ಕೇಳೋಣ ಅಂದ್ರು, ಅದಕ್ಕೂ ಅಣ್ಣ "ಕರ್ತನನ್ನ ಪರೀಕ್ಷೆ ಮಾಡಬಾರದು ಅಂತ ಸತ್ಯವೇದದಲ್ಲೇ ಇದೆ" ಅಂತ ಹೇಳಿ ಎದ್ದು ತೋಟಕ್ಕೆ ಹೋದ. ಪಾಸ್ಟರಿಗೂ ಬಾಯಿ ಕಟ್ಟಿತು. ಹೋದ ತಿಂಗಳು ಗೊತ್ತಾಯ್ತು, ರೋಡ್ ಪಕ್ಕದ ಅರ್ಧ ಎಕರೆಗೆ ಅವನು ಆಗ್ಲೇ ಯಾರ ಹತ್ರನೋ ಅಗ್ರಿಮೆಂಟ್ ಮಾಡಿ ಅಡ್ವಾನ್ಸ್ ತಗೊಂಡಿದಾನೆ ಅಂತ. ಅವನು ದಿನಾ ಬೆಳಿಗ್ಗೆ ಐದಕ್ಕೆ ಎದ್ದು ಬೈಬಲ್ ಓದೋನು, ನಾನು ಅಷ್ಟೆಲ್ಲ ಓದಲ್ಲ. ಅಂಥವನನ್ನ ಅನುಮಾನಿಸೋದು ಪಾಪ ಅಲ್ವಾ? ಅವನ ಭಕ್ತಿ ಸುಳ್ಳು ಅಂತ ಅಂದ್ಕೊಳ್ಳಕ್ಕೂ ಭಯ ಆಗುತ್ತೆ. (ಹೆಸರು ಬೇಡ, ತೀರ್ಥಹಳ್ಳಿ ತಾಲೂಕು)

ಉ: ನೋಡಮ್ಮ, ಅನುಮಾನ ಪಾಪ ಅಲ್ಲ, ಅದನ್ನ ಮೊದಲೇ ಹೇಳ್ಬಿಡ್ತೀನಿ. ನಿಮ್ಮಣ್ಣನ ಎದೆ ಒಳಗೆ ಏನಿದೆ ಅಂತ ನೋಡೋ ಅಧಿಕಾರ ನನಗಿಲ್ಲ, ಆದ್ರೆ ಅವರು ಹೇಳಿದ ವಚನ ಇದ್ಯಲ್ಲ, ಅದೇ ವಚನಾನ ಅದೇ ಕೆಲಸಕ್ಕೆ ಬಳಸ್ಕೊಂಡ ರಾಜ ಒಬ್ಬ ಬೈಬಲಲ್ಲೇ ಇದಾನೆ, ಅವನ ಕಥೆ ಹೇಳ್ತೀನಿ, ಹೋಲಿಕೆ ನೀವೇ ನೋಡ್ಕೊಳ್ಳಿ. ಯೆಶಾಯ 7ನೇ ಅಧ್ಯಾಯ. ಕ್ರಿಸ್ಮಸ್ ಬಂದಾಗ ನಾವು ಆ ಅಧ್ಯಾಯದ 14ನೇ ವಚನ ಒಂದನ್ನ ಕಿತ್ಕೊಂಡು, ಇಮ್ಮಾನುವೇಲ್ ಅಂತ ಬ್ಯಾನರ್ ಬರೆಸಿ, ಮಿಕ್ಕಿದ್ದನ್ನ ಅಲ್ಲೇ ಬಿಟ್ಟು ಬರ್ತೀವಿ. ಮಜಾ ಇರೋದು ಮಿಕ್ಕಿದ್ದರಲ್ಲಿ.

ಕ್ರಿಸ್ತಪೂರ್ವ 735ರ ಆಸುಪಾಸು. ಯೆರೂಸಲೇಮಲ್ಲಿ ಆಹಾಜ ಅನ್ನೋ ರಾಜ. ಅಶ್ಶೂರ ಅನ್ನೋ ದೊಡ್ಡ ಸಾಮ್ರಾಜ್ಯ ಪೂರ್ವದಿಂದ ಎಲ್ಲರನ್ನೂ ನುಂಗ್ತಾ ಬರ್ತಿದೆ, ಅದನ್ನ ತಡೆಯಕ್ಕೆ ಅಂತ ದಮಸ್ಕದ ರೆಚೀನ ಮತ್ತೆ ಉತ್ತರದ ಇಸ್ರಾಯೇಲಿನ ಪೆಕಹ ಇಬ್ಬರೂ ಸೇರ್ಕೊಂಡು ಆಹಾಜನ ಮೇಲೆ ದಂಡೆತ್ತಿ ಬಂದ್ರು, ಇವನನ್ನ ಇಳಿಸಿ ತಮ್ಮ ಕಡೆಯವನನ್ನ ಕೂರಿಸೋ ಪ್ಲಾನು. ಸುದ್ದಿ ಕೇಳಿ ರಾಜನ ಎದೆ, ಜನರ ಎದೆ ಎರಡೂ ಗಾಳಿಗೆ ಕಾಡಿನ ಮರ ಅಲ್ಲಾಡಿದಂಗೆ ಅಲ್ಲಾಡಿತು ಅಂತಾನೆ ಬರೆದವನು. ಜೂನ್ ತಿಂಗಳಲ್ಲಿ ಅಡಿಕೆ ತೋಟದ ಮಧ್ಯ ನಿಂತು ತಲೆ ಎತ್ತಿ ನೋಡಿದವರಿಗೆ ಈ ಸಾಲು ಬಿಡಿಸಿ ಹೇಳೋದು ಬೇಡ. ಆಹಾಜ ಮೇಲಿನ ಕೆರೆ ಕಾಲುವೆ ಹತ್ರ, ಅಗಸರ ಹೊಲದ ದಾರೀಲಿ ಇದ್ದಾಗ, ಮುತ್ತಿಗೆ ಬಿದ್ರೆ ನೀರು ಸಾಲುತ್ತಾ ಅಂತ ನೋಡಕ್ಕೆ ಹೋಗಿದ್ನೋ ಏನೋ, ಪ್ರವಾದಿ ಯೆಶಾಯ ತನ್ನ ಮಗನನ್ನ ಕರ್ಕೊಂಡು ಅಲ್ಲಿಗೇ ಹೋಗಿ ನಿಲ್ತಾನೆ. ಹೆದರಬೇಡ ಮಾರಾಯ, ಅವರಿಬ್ಬರೂ ಬೆಂಕಿ ಅಲ್ಲ, ಹೊಗೆಯಾಡೋ ಕೊಳ್ಳಿ ಮೋಟು ಅಷ್ಟೇ ಅಂತಾನೆ. ಬಚ್ಚಲೊಲೇಲಿ ಸ್ನಾನ ಎಲ್ಲಾ ಆದ ಮೇಲೆ ಉಳಿಯುತ್ತಲ್ಲ, ಕಣ್ಣುರಿ ಬರಿಸುತ್ತೆ, ನೀರು ಮಾತ್ರ ಕಾಯಲ್ಲ, ಆ ಮೋಟು.

ಆಮೇಲೆ ಒಂದು ಮಾತು ಹೇಳ್ತಾನೆ, ನಂಬದಿದ್ರೆ ನೀವು ನಿಲ್ಲಲ್ಲ ಅಂತ. ಹೀಬ್ರೂನಲ್ಲಿ ನಂಬೋದು, ನೆಲೆ ನಿಲ್ಲೋದು ಎರಡಕ್ಕೂ ಇಲ್ಲಿ ಒಂದೇ ಧಾತು, ನಾವು ಪ್ರಾರ್ಥನೆ ಕೊನೆಗೆ ಹೇಳೋ ಆಮೆನ್ ಅನ್ನೋದೂ ಅದೇ ಬೇರಿಂದ ಬಂದಿದ್ದು. ಇಷ್ಟು ಹೇಳಿದ್ರೂ ರಾಜ ಪಿಟ್ಟೆನ್ನಲಿಲ್ಲ. ಆಗ ದೇವರ ಕಡೆಯಿಂದಲೇ ಆಫರ್ ಬರುತ್ತೆ: ನಿನ್ನ ದೇವರಾದ ಯೆಹೋವನ ಹತ್ರ ಒಂದು ಗುರುತು ಕೇಳು, ಪಾತಾಳದಷ್ಟು ಆಳದಲ್ಲಾದ್ರೂ ಕೇಳು, ಆಕಾಶದಷ್ಟು ಎತ್ತರದಲ್ಲಾದ್ರೂ ಕೇಳು. ಖಾಲಿ ಚೆಕ್ಕು ಕೈಗಿಟ್ಟಂಗೆ. ಅದಕ್ಕೆ ಆಹಾಜ ಹೇಳಿದ್ದು: "ನಾನು ಕೇಳಲ್ಲ, ಯೆಹೋವನನ್ನ ಪರೀಕ್ಷೆ ಮಾಡಲ್ಲ."

ಎಷ್ಟು ಚಂದ ಇದೆ ನೋಡಿ ಮಾತು! ಪ್ರೇಯರ್ ಮೀಟಿಂಗಲ್ಲಿ ಯಾರಾದ್ರೂ ಹಿಂಗಂದ್ರೆ ನಾವೆಲ್ಲ ಸ್ತೋತ್ರ ಅಂತೀವಿ. ಮಾತು ಅವನ ಸ್ವಂತದ್ದೂ ಅಲ್ಲ, ಧರ್ಮೋಪದೇಶಕಾಂಡ 6:16, ಮುಂದೆ ಯೇಸು ಸೈತಾನನಿಗೆ ಉತ್ತರ ಕೊಟ್ಟಿದ್ದೂ ಇದೇ ವಚನದಿಂದ, ನಿಮ್ಮ ಪಾಸ್ಟರಿಗೆ ಬಾಯಿ ಕಟ್ಟಿದ್ದೂ ಇದರಿಂದಲೇ. ಆದ್ರೆ ಆ ವಚನ ಅರ್ಧಕ್ಕೆ ಬಿಡಬಾರದು, ಮುಂದಕ್ಕೆ "ಮಸ್ಸದಲ್ಲಿ ಪರೀಕ್ಷಿಸಿದಂತೆ" ಅಂತ ಇದೆ. ಮಸ್ಸ ಅನ್ನೋ ಮರುಭೂಮಿ ಜಾಗದಲ್ಲಿ ಆಗಿದ್ದೇನು? ಜನಕ್ಕೆ ಬಾಯಾರಿಕೆ, ನೀರಿಲ್ಲ, ತಮ್ಮ ನಾಯಕ ಮೋಶೆ ಮೇಲೆ ಕಲ್ಲೆಸೆಯೋ ಮಟ್ಟಕ್ಕೆ ಹೋಗಿ "ಯೆಹೋವ ನಮ್ಮ ಮಧ್ಯ ಇದಾನೋ ಇಲ್ವೋ" ಅಂತ ಜಗಳಕ್ಕೆ ನಿಂತ್ರು. ಅಲ್ಲಿ ಕೇಳಿದವರು ಜನ, ಇಲ್ಲಿ ಕೇಳು ಅಂದೋನು ದೇವರೇ. ಊಟಕ್ಕೆ ಬನ್ನಿ ಅಂತ ಮನೆಯವರೇ ಕೈ ಹಿಡಿದು ಕರೀವಾಗ "ಕರೀದೇ ಊಟಕ್ಕೆ ಹೋಗಬಾರದು ಅಂತ ನಮ್ಮಜ್ಜ ಹೇಳಿದಾರೆ" ಅಂದಂಗಾಯ್ತು.

ಮತ್ಯಾಕೆ ಬೇಡ ಅಂದ? ಅದು 2 ಅರಸುಗಳು 16ರಲ್ಲಿದೆ. ಈ ಪುಣ್ಯಾತ್ಮ ದೇವಾಲಯದ ಬೆಳ್ಳಿ ಬಂಗಾರ, ಅರಮನೆ ಭಂಡಾರ ಎಲ್ಲಾ ಬಾಚಿ ಅಶ್ಶೂರದ ಮೂರನೇ ತಿಗ್ಲತ್ಪಿಲೆಸರನಿಗೆ ಕಾಣಿಕೆ ಕಳಿಸ್ತಾನೆ, ಜೊತೆಗೆ "ನಾನು ನಿನ್ನ ಸೇವಕ, ನಿನ್ನ ಮಗ, ಬಂದು ಕಾಪಾಡು" ಅಂತ ಹೇಳಿಕಳಿಸ್ತಾನೆ. ದೇವರೇ "ನನ್ನ ಮಗ" ಅಂತ ಕರೆದಿದ್ದ ದಾವೀದನ ವಂಶದವನಿಗೆ ಯಾರ ಮಗ ಅಂತ ಹೇಳ್ಕೊಳ್ಳಬೇಕು ಅನ್ನೋದು ಮರೆತೋಗಿತ್ತು. ದೂತರು ಹೊರಟಿದ್ದು ಕಾಲುವೆ ಹತ್ರದ ಭೇಟಿಗೆ ಮೊದಲೋ ಆಮೇಲೋ ಅಂತ ಗ್ರಂಥ ತಾರೀಕು ಹಾಕಿಲ್ಲ, ಆದ್ರೆ ಮನಸ್ಸು ಆಗ್ಲೇ ಗಾಡಿ ಹತ್ತಿತ್ತು ಅಂತ ಅವನ ಮಾತಲ್ಲೇ ಕಾಣುತ್ತೆ. ಗುರುತು ಬರಲ್ಲ ಅಂತ ಅವನಿಗೆ ಭಯ ಇರ್ಲಿಲ್ಲ, ಬಂದ್ಬಿಟ್ರೆ ಅನ್ನೋದೇ ಭಯ. ಗುರುತು ಬಂತು ಅಂದ್ರೆ ಅಶ್ಶೂರಕ್ಕೆ ಕೊಟ್ಟ ಮಾತು ವಾಪಸ್ ತಗೋಬೇಕು, ದೇವರ ಮಾತು ಕೇಳಬೇಕು, ಸುಮ್ನೆ ಕೂರಬೇಕು, ಇದೆಲ್ಲ ಯಾರಿಗೆ ಬೇಕು. ಅದಕ್ಕೇ ಕೇಳೋದೇ ಬೇಡ, ಕೇಳದೇ ಇರೋದಕ್ಕೆ ಒಂದು ವಚನನೂ ಇದೆ.

ನನಗೆ ಈ ಅಧ್ಯಾಯದಲ್ಲಿ ಮೈ ಜುಂ ಅನ್ನೋ ಜಾಗ ಇನ್ನೊಂದು. 11ನೇ ವಚನದಲ್ಲಿ ಆಹಾಜನಿಗೆ "ನಿನ್ನ ದೇವರು" ಅಂತ ಇದೆ. ಅವನು ಆ ಭಕ್ತಿ ಮಾತು ಆಡಿದ ಮೇಲೆ 13ರಲ್ಲಿ ಯೆಶಾಯ ಹೇಳೋದು: ಮನುಷ್ಯರಿಗೆ ಬೇಸರ ಮಾಡಿದ್ದು ಸಾಲದು ಅಂತ "ನನ್ನ ದೇವರಿಗೂ" ಬೇಸರ ಮಾಡ್ತೀರಾ. ಎರಡೇ ವಚನದಲ್ಲಿ "ನಿನ್ನ" ಹೋಗಿ "ನನ್ನ" ಆಯ್ತು. ಬೈದಿಲ್ಲ, ಶಾಪ ಹಾಕಿಲ್ಲ, ಸರ್ವನಾಮ ಒಂದು ಬದಲಾಯಿಸಿದ ಅಷ್ಟೇ. ಅಂದಹಾಗೆ ಆಹಾಜನ ಪೂರ್ತಿ ಹೆಸರು ಯೆಹೋವಾಹಾಜ, ಅಂದ್ರೆ ಯೆಹೋವ ಹಿಡ್ಕೊಂಡಿದಾನೆ ಅಂತ, ತಿಗ್ಲತ್ಪಿಲೆಸರನ ಶಾಸನದಲ್ಲಿ ಕಪ್ಪ ಕೊಟ್ಟವರ ಪಟ್ಟೀಲಿ ಆ ಪೂರ್ತಿ ಹೆಸರೇ ಇದೆ, ಬೈಬಲಲ್ಲಿ ಮಾತ್ರ ಯೆಹೋವ ಬಿಟ್ಟು ಬರೀ ಆಹಾಜ. ಬೇಕಂತಲೇ ಬಿಟ್ಟಿದ್ದು ಅಂತ ನನ್ನ ಗುಮಾನಿ.

ಮುಂದೆ ಏನಾಯ್ತು ಅಂದ್ರೆ ಅಶ್ಶೂರದವನು ಬಂದ, ಕ್ರಿಸ್ತಪೂರ್ವ 732ರಲ್ಲಿ ದಮಸ್ಕ ಬಿತ್ತು, ರೆಚೀನ ಸತ್ತ, ಆಹಾಜನ ಲೆಕ್ಕದಲ್ಲಿ ಕೆಲಸ ಆಯ್ತು. ಕಪ್ಪ ಮಾತ್ರ ತಲೆಮೇಲೆ ಕೂತಿತು. ಯೆಶಾಯ 8ರಲ್ಲಿ ಇದಕ್ಕೊಂದು ಮಾತಿದೆ, ಯೆರೂಸಲೇಮಲ್ಲಿ ಮೆಲ್ಲಗೆ ಹರಿಯೋ ಶಿಲೋವದ ನೀರು ಬೇಡ ಅಂದ್ರಲ್ಲ, ಈಗ ಅಶ್ಶೂರದ ಕಡೆಯ ಯೂಫ್ರೆಟಿಸ್ ನದಿ ದಡ ಮೀರಿ ಕುತ್ತಿಗೆ ತನಕ ಬರುತ್ತೆ ತಗೊಳ್ಳಿ ಅಂತ. ಗುಡ್ಡದಿಂದ ಸೀಳಿದ ಅಡಿಕೆ ಮರದ ದಂಬೇಲಿ ಅಬ್ಬಿ ನೀರು ಮನೆ ಹಿತ್ತಲಿಗೆ ಬರೋದನ್ನ ನೋಡಿದವರಿಗೆ, ಶಿವಮೊಗ್ಗದಲ್ಲಿ ಕೋರ್ಪಲಯ್ಯನ ಮಂಟಪ ಮುಳುಗಿತಂತೆ ಅಂತ ತುಂಗೆ ನೋಡಕ್ಕೆ ಓಡಿದವರಿಗೆ, ಎರಡು ನೀರಿಗೂ ಇರೋ ವ್ಯತ್ಯಾಸ ಗೊತ್ತು.

ಈಗ ನನ್ನ ಕಥೆ, ಯಾಕಂದ್ರೆ ಆಹಾಜನನ್ನ ಬೈಯೋದು ಸುಲಭ, ಸತ್ತು 2700 ವರ್ಷ ಆಗಿದೆ. 1996ರಲ್ಲಿ ಭದ್ರಾವತೀಲಿದ್ದ ನಮ್ಮಕ್ಕ, ಗಂಡ ಹೋಗಿ ಎರಡು ವರ್ಷ ಆಗಿತ್ತು, ಮಗನಿಗೆ ಶಿವಮೊಗ್ಗದಲ್ಲಿ ಪಿಯುಸಿ ಸೀಟು ಸಿಕ್ಕಿದೆ, ನಿನ್ನ ಮನೆ ಮುಂದಿನ ರೂಮಲ್ಲಿ ಎರಡು ವರ್ಷ ಇರ್ಲಾ ಅಂತ ಕೇಳಿದ್ಲು. ನಾನು "ಪ್ರಾರ್ಥನೆ ಮಾಡಿ ಹೇಳ್ತೀನಿ ಅಕ್ಕ" ಅಂದೆ. ಅದಕ್ಕೆ ಒಂದು ವಾರ ಮುಂಚೆನೇ ಆ ರೂಮನ್ನ ಒಬ್ಬರಿಗೆ ಬಾಡಿಗೆಗೆ ಒಪ್ಪಿಕೊಂಡು ಎರಡು ಸಾವಿರ ಅಡ್ವಾನ್ಸ್ ಬೀರುವಲ್ಲಿ ಇಟ್ಟಿದ್ದೆ, ಅಕ್ಕನಿಗೆ ಹೇಳಕ್ಕೆ ನಾಲಿಗೆ ಏಳ್ಲಿಲ್ಲ. ಮೂರು ವಾರ ನಿಜವಾಗ್ಲೂ ಪ್ರಾರ್ಥನೆ ಮಾಡಿದೆ ಕಣ್ರೀ, ಮಂಡಿ ಊರಿನೇ ಮಾಡಿದೆ, ಅದೇ ನಾಚಿಕೆ. ಒಂದು ದಿನ ನಮ್ಮ ಮನೆಯವಳು ಒಲೆ ಹತ್ರ ಅನ್ನ ಬಸೀತಾ, ಮುಚ್ಚಳ ಒತ್ತಿ ಹಿಡ್ಕೊಂಡು, ಮುಖಕ್ಕೆಲ್ಲ ಗಂಜಿ ಹಬೆ, ನನ್ನ ಕಡೆ ತಿರುಗದೇನೇ ಕೇಳಿದ್ಲು: "ಅಡ್ವಾನ್ಸ್ ತಗೊಂಡಾಯ್ತಲ್ಲ, ಈಗ ದೇವರು ಏನು ಹೇಳ್ಬೇಕು ಅಂತ ಕಾಯ್ತಿದೀರಾ?" ನಾನು ಸುಮ್ನೆ ಎದ್ದು ಹೊರಗೆ ಹೋದೆ, ನಿಮ್ಮಣ್ಣ ತೋಟಕ್ಕೆ ಹೋದಂಗೆ. ಹುಡುಗ ಹಾಸ್ಟೆಲ್ಲಲ್ಲಿ ಓದಿದ. ಅಕ್ಕ ಆಮೇಲೆ ನನ್ನ ಹತ್ರ ಯಾವತ್ತೂ ಏನೂ ಕೇಳಿಲ್ಲ, ಕ್ರಿಸ್ಮಸ್ಸಿಗೆ ಕರ್ಜಿಕಾಯಿ ಡಬ್ಬ ಮಾತ್ರ ಒಂದು ವರ್ಷನೂ ತಪ್ಪಿಸ್ಲಿಲ್ಲ.

ಅದಕ್ಕೇ ಹೇಳ್ತಿರೋದು, ನಿಮ್ಮಣ್ಣನ ಬೆಳಗಿನ ಬೈಬಲ್ ಓದು ನಾಟಕ ಅಂತ ನೀವು ಅಂದ್ಕೋಬೇಕಾಗಿಲ್ಲ. ಬೆಳಿಗ್ಗೆ ಐದು ಗಂಟೆಯ ಓದು ನಿಜನೇ ಇರಬಹುದು, ಆ ಅರ್ಧ ಎಕರೆ ವಿಷಯದಲ್ಲಿ ಮಾತ್ರ ದೇವರು ಬಾಯಿ ಬಿಡೋದು ಅವರಿಗೆ ಬೇಡ. ನೀವು ಕೇಳಬೇಕಾಗಿರೋದು ಭಕ್ತಿ ಬಗ್ಗೆ ಅಲ್ಲ, ಅಗ್ರಿಮೆಂಟ್ ಬಗ್ಗೆ. ಅಣ್ಣನ ಮುಂದೆ ಕೂತು "ಅಣ್ಣ, ಅಡ್ವಾನ್ಸ್ ಎಷ್ಟು ತಗೊಂಡಿದೀಯ, ಯಾರ ಹತ್ರ" ಅಂತ ನೇರ ಕೇಳಿ, ವಚನಕ್ಕೆ ವಚನ ಹೇಳಕ್ಕೆ ಹೋಗ್ಬೇಡಿ, ಅದರಲ್ಲಿ ಅವರೇ ಗೆಲ್ತಾರೆ. ಕಾನೂನಿನ ಮಾತೂ ಹೇಳ್ತೀನಿ, ವಿಲ್ ಇಲ್ಲದೇ ತಂದೆ ಹೋದ್ರೆ ನಮ್ಮ ಕ್ರೈಸ್ತರಿಗೆ ಅನ್ವಯಿಸೋದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ, ಅದರ ಪ್ರಕಾರ ತಾಯಿಗೆ ಮೂರರಲ್ಲಿ ಒಂದು ಭಾಗ, ಉಳಿದ ಎರಡು ಭಾಗ ಮಕ್ಕಳಿಗೆ ಸಮವಾಗಿ, ಗಂಡು ಹೆಣ್ಣು ಅನ್ನೋ ಭೇದ ಇಲ್ಲ. ಪಹಣಿ ತೆಗೆಸಿ ಯಾರ ಹೆಸರಲ್ಲಿದೆ ನೋಡಿ, ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಇಸಿ, ಅಂದ್ರೆ ಋಣಭಾರ ಪತ್ರ, ತೆಗೆಸಿ, ಆದ್ರೆ ರಿಜಿಸ್ಟರ್ ಆಗದ ಅಗ್ರಿಮೆಂಟ್ ಇಸೀಲಿ ಕಾಣಲ್ಲ, ಅದನ್ನ ನೋಡಿ ಸಮಾಧಾನ ಮಾಡ್ಕೊಂಡು ಬಂದ್ಬಿಡಬೇಡಿ. ತಡ ಮಾಡದೇ ಒಬ್ಬ ವಕೀಲರನ್ನ ನೋಡಿ. ಅಮ್ಮನ ಭಾಗದ ಮಾತು ಮೊದಲು ಎತ್ತಿ, ಅದನ್ನ ಎಲ್ಲರೂ ಮರೀತಾರೆ. ಯೇಸು ಮಾರ್ಕ 7ರಲ್ಲಿ ಕೊರ್ಬಾನ್ ಬಗ್ಗೆ ಸಿಟ್ಟಾಗಿದ್ದು ಇದಕ್ಕೇ, ಅಪ್ಪ ಅಮ್ಮನಿಗೆ ಸೇರಬೇಕಾದ್ದನ್ನ "ಇದು ದೇವರಿಗೆ ಮೀಸಲು" ಅಂತ ಒಂದು ಪದ ಹೇಳಿ ಕೈ ತೊಳ್ಕೊಳ್ಳೋ ಪದ್ಧತಿ ಅದು.

ಪ್ರ: ನಮ್ಮ ಸಭೇಲಿ ಕಟ್ಟಡ ನಿಧಿ ಅಂತ ಆರು ವರ್ಷದಿಂದ ಎತ್ತುತ್ತಿದಾರೆ. ಲೆಕ್ಕ ಕೇಳಿದ್ರೆ "ಮೊದಲು ಪ್ರಾರ್ಥನೆ ಮಾಡೋಣ" ಅಂತ ಕಣ್ಣು ಮುಚ್ತಾರೆ, ಕಣ್ಣು ತೆಗೆಯೋ ಅಷ್ಟರಲ್ಲಿ ಟೀ ಬಂದಿರುತ್ತೆ. ಲೆಕ್ಕ ಕೇಳೋದು ಅವಿಶ್ವಾಸ ಅಂತೆ. (ಯುವಕ, ಶಿವಮೊಗ್ಗ)

ಉ: ಟೀ ಚೆನ್ನಾಗಿರುತ್ತಾ? ತಮಾಷೆ ಬಿಡಿ. 2 ಅರಸುಗಳು 12 ತೆಗೆದು ಅವರ ಮುಂದೆ ಇಡಿ. ಯೆಹೋವಾಷ ರಾಜ ದೇವಾಲಯ ರಿಪೇರಿಗೆ ಅಂತ ಯಾಜಕರ ಕೈಗೆ ದುಡ್ಡು ಬರೋ ವ್ಯವಸ್ಥೆ ಮಾಡಿದ್ದ, ಅವನು ಪಟ್ಟಕ್ಕೆ ಬಂದ 23ನೇ ವರ್ಷದಲ್ಲಿ ನೋಡಿದ್ರೆ ಬಿರುಕು ಬಿರುಕಾಗೇ ಇದೆ. ನಿಮ್ಮದು ಆರೇ ವರ್ಷ, ಧೈರ್ಯ ತಗೊಳ್ಳಿ. ಆಗ ಯಾಜಕ ಯೆಹೋಯಾದ ಒಂದು ಪೆಟ್ಟಿಗೆ ತಗೊಂಡು ಮುಚ್ಚಳಕ್ಕೆ ತೂತು ಕೊರೆದು ಯಜ್ಞವೇದಿ ಪಕ್ಕ ಇಟ್ಟ, ಬಂದ ದುಡ್ಡೆಲ್ಲ ಅದರೊಳಗೆ. ಪೆಟ್ಟಿಗೆ ತುಂಬಿದಾಗ ರಾಜನ ಲೇಖಕ ಒಬ್ಬ, ಮಹಾಯಾಜಕ ಒಬ್ಬ, ಇಬ್ಬರೂ ಒಟ್ಟಿಗೆ ನಿಂತು ಎಣಿಸಿ ಚೀಲ ಕಟ್ಟಿದ್ರು. ಅಂದ್ರೆ ಹುಂಡಿ, ಜೋಡಿ ಸಹಿ ಎಲ್ಲಾ ಬೈಬಲಲ್ಲೇ ಇದೆ, ಆಡಿಟರ್ ಒಬ್ಬ ಬಾಕಿ. ಇದನ್ನ ತೋರಿಸಿದ್ರೆ ನಿಮ್ಮ ಕಮಿಟೀಲಿ ಬುದ್ಧಿವಂತ ಒಬ್ಬರು ಅದೇ ಅಧ್ಯಾಯದ 15ನೇ ವಚನ ತೋರಿಸ್ತಾರೆ, "ಅವರು ನಂಬಿಗಸ್ತರಾಗಿದ್ದರಿಂದ ಲೆಕ್ಕ ಕೇಳಲಿಲ್ಲ" ಅಂತ ಇದೆ ನೋಡಿ ಅಂತ. ಇದೆ, ಸುಳ್ಳಲ್ಲ. ಆದ್ರೆ ಅದು ಇಬ್ಬರು ಎಣಿಸಿ ಕೊಟ್ಟಾದ ಮೇಲೆ ಬಡಗಿ, ಕಲ್ಲುಕುಟಿಗರಿಗೆ ಕೂಲಿ ಹಂಚಿದವರ ವಿಷಯ, ಅವರು ಕೆಲಸ ಮಾಡಿಸಿ ತೋರಿಸಿದ್ರು. ನಿಮ್ಮಲ್ಲಿ ಗೋಡೆ ಎದ್ದಿದ್ಯಾ ಅಂತ ವಿನಯವಾಗಿ ಕೇಳಿ.

ಹಣದ ಸುತ್ತ ಭಕ್ತಿ ಮಾತು ಜೋರಾದಾಗ ನನಗೆ ಬೆಥಾನ್ಯದ ಊಟದ ಮನೆ ನೆನಪಾಗುತ್ತೆ, ಯೋಹಾನ 12. ಮರಿಯಳು ಯೇಸುವಿನ ಪಾದಕ್ಕೆ ದುಬಾರಿ ತೈಲ ಸುರಿದಾಗ ಶಿಷ್ಯ ಯೂದ "ಇದನ್ನ 300 ದಿನಾರಿಗೆ ಮಾರಿ ಬಡವರಿಗೆ ಕೊಡಬಹುದಿತ್ತು" ಅಂದ. ಒಂದು ದಿನಾರಿ ಅಂದ್ರೆ ಒಂದು ದಿನದ ಕೂಲಿ, ಹತ್ತಿರ ಹತ್ತಿರ ಒಂದು ವರ್ಷದ ದುಡಿಮೆ, ಲೆಕ್ಕ ಕರೆಕ್ಟಾಗೇ ಇತ್ತು, ಬಡವರ ಮಾತೂ ಸರಿಯಾಗೇ ಇತ್ತು. ಹಣದ ಚೀಲ ಯಾರ ಕೈಲಿತ್ತು ಅನ್ನೋದನ್ನ ಯೋಹಾನ ಮುಂದಿನ ವಚನದಲ್ಲಿ ಬರೀತಾನೆ.

ಪ್ರ: ನಾವು ದೇವಸ್ಥಾನದಲ್ಲಿ ಹೂ ಪ್ರಸಾದ ಕೇಳ್ತೀವಿ, ಬಲಗಡೆ ಬಿದ್ರೆ ಒಳ್ಳೇದು ಅಂತ. ನಿಮ್ಮ ಬೈಬಲಲ್ಲಿ ಗಿದ್ಯೋನ ಕುರಿ ಉಣ್ಣೆ ಇಟ್ಟು ಕೇಳಿದ್ದು ಓದಿದೆ, ಅದಕ್ಕೂ ಇದಕ್ಕೂ ಏನು ಸಾರ್ ವ್ಯತ್ಯಾಸ? ನಮ್ಮದನ್ನ ಮಾತ್ರ ಮೂಢನಂಬಿಕೆ ಅಂತಾರಲ್ಲ. (ಹೊಸನಗರದ ಓದುಗರು)

ಉ: ಸಾರ್, ಹೊರಗಿಂದ ನೋಡಿದ್ರೆ ವ್ಯತ್ಯಾಸ ಕಮ್ಮಿ, ಒಪ್ಪಿಕೊಳ್ತೀನಿ. ನ್ಯಾಯಸ್ಥಾಪಕರು 6, ಕಣದಲ್ಲಿ ಉಣ್ಣೆ ಇಟ್ಟ, ಉಣ್ಣೆ ಮಾತ್ರ ನೆನೀಬೇಕು ನೆಲ ಒಣಗಿರಬೇಕು ಅಂದ, ಹಂಗೇ ಆಯ್ತು, ಹಿಂಡಿದ್ರೆ ಒಂದು ಬಟ್ಟಲು ನೀರು. ಮಾರನೇ ದಿನ "ಕೋಪ ಮಾಡ್ಕೋಬೇಡ, ಇನ್ನೊಂದೇ ಸಲ" ಅಂತ ಉಲ್ಟಾ ಕೇಳಿದ, ಅದೂ ಆಯ್ತು. ದೇವರು ಮೊದಲೇ ಹೇಳಿದ್ದ ವಿಷಯಕ್ಕೇ ಗಿದ್ಯೋನ ಇಷ್ಟೆಲ್ಲ ಕೇಳಿದ್ದು, ಪುಕ್ಕಲ, ಮಿದ್ಯಾನ್ಯರಿಗೆ ಹೆದರಿ ದ್ರಾಕ್ಷಿ ಆಲೆಯ ಮರೇಲಿ ಗೋಧಿ ಬಡೀತಿದ್ದವನು. ಆದ್ರೆ ಕೇಳಿ ಆದ ಮೇಲೆ ಯುದ್ಧಕ್ಕೆ ಹೋದ, ಅದೂ 300 ಜನರನ್ನ ಕಟ್ಕೊಂಡು. ಆಹಾಜ ಕೇಳಲೂ ಇಲ್ಲ, ನಂಬಲೂ ಇಲ್ಲ. ಉಣ್ಣೆ ಇಡಿ ಅಂತ ಬೈಬಲ್ ಯಾರಿಗೂ ನಿಯಮ ಮಾಡಿಲ್ಲ, ಹೆದರಿದವನ ಮೇಲೆ ದೇವರು ತಾಳ್ಮೆ ತೋರಿಸಿದ ಅಂತ ನಾನು ಓದ್ಕೊಳ್ತೀನಿ.

ಇನ್ನು ಹೂವಿನ ಮಾತು, ನಮ್ಮ ಪಕ್ಕದ ಮನೆ ಭಟ್ರೇ ನಗಾಡ್ತಾ ಹೇಳಿದ್ದು, ಕೆಲವರು ಬಲಗಡೆ ಬೀಳೋ ತನಕ ಬಿಡಲ್ಲ ಅಂತ. ನಾನು ನಗಲಿಲ್ಲ, ಯಾಕಂದ್ರೆ ನಮ್ಮಲ್ಲಿ ಡಿಸೆಂಬರ್ 31ರ ರಾತ್ರಿ ಆರಾಧನೇಲಿ ಬೈಬಲ್ ವಚನ ಬರೆದ ವಾಗ್ದಾನದ ಕಾರ್ಡ್ ತಟ್ಟೇಲಿ ಇಟ್ಟು ಎತ್ತಿಸ್ತಾರೆ. ಹೋದ ವರ್ಷ ನನ್ನ ಮುಂದೆ ನಿಂತಿದ್ದವರು ಒಂದು ಎತ್ತಿದ್ರು, ಕನ್ನಡಕ ಏರಿಸಿ ಓದಿದ್ರು, ತಾಳ್ಮೆಯಿಂದಿರು ಅಂತೇನೋ ಬಂದಿತ್ತು ಅನ್ಸುತ್ತೆ, ಆ ಕಡೆ ಈ ಕಡೆ ನೋಡಿ ಮೆಲ್ಲಗೆ ತಟ್ಟೆಗೆ ವಾಪಸ್ ಜಾರಿಸಿ ಇನ್ನೊಂದು ತಗೊಂಡ್ರು. ವಾಪಸ್ ಬಿದ್ದ ಕಾರ್ಡು ನನಗೆ ಬಂತು.

ಪ್ರ: ನನಗೆ ಪ್ರಾರ್ಥನೆ ಮಾಡೋವಾಗ ಯಾರಾದ್ರೂ ಕೇಳಿಸ್ಕೊಳ್ತಿದಾರಾ ಅಂತಾನೇ ಡೌಟ್ ಬರುತ್ತೆ. ಆದ್ರೂ ಭಾನುವಾರ ಹೋಗಿ ಎಲ್ಲರ ಜೊತೆ ಹಾಡ್ತೀನಿ. ನಾನೂ ಆಹಾಜನ ಥರ ಕಪಟೀನಾ? ಮಕ್ಕಳಿದಾರೆ, ಅವರ ಮುಂದೆ ಹೇಳಕ್ಕಾಗಲ್ಲ. (ಗೃಹಿಣಿ, ಸಾಗರ)

ಉ: ಅಲ್ಲಮ್ಮ. ಆಹಾಜನಿಗೆ ಡೌಟೇ ಇರ್ಲಿಲ್ಲ, ಎಲ್ಲಾ ತೀರ್ಮಾನ ಆಗಿತ್ತು. ನಿಮ್ಮ ಜೊತೆಗಾರ ಮಾರ್ಕ 9ರಲ್ಲಿ ಇದಾನೆ, ಮೂರ್ಛೆ ಬಿದ್ದು ಬೆಂಕಿಗೂ ನೀರಿಗೂ ಬೀಳೋ ಮಗನನ್ನ ಕರ್ಕೊಂಡು ಬಂದ ಅಪ್ಪ. ಮೊದಲು "ನಿನ್ನ ಕೈಲಾದ್ರೆ ಏನಾದ್ರೂ ಮಾಡು" ಅಂದ, ಆ "ಕೈಲಾದ್ರೆ" ಯೇಸುಗೆ ಚುಚ್ಚಿತು. ಆಮೇಲೆ ಅವನು ಕೂಗಿಕೊಂಡಿದ್ದು, ನಂಬ್ತೀನಿ, ನನ್ನ ನಂಬಿಕೆ ಇಲ್ಲದಿರೋದಕ್ಕೆ ಸಹಾಯ ಮಾಡು ಅಂತ. ವ್ಯಾಕರಣದ ಪ್ರಕಾರ ನೋಡಿದ್ರೆ ಆ ವಾಕ್ಯ ನಿಲ್ಲೋದೇ ಇಲ್ಲ, ಅರ್ಧ ಹೌದು ಅರ್ಧ ಇಲ್ಲ. ಮೊದಲು ಪೂರ್ತಿ ನಂಬು ಆಮೇಲೆ ಬಾ ಅಂತ ಯೇಸು ಅವನನ್ನ ವಾಪಸ್ ಕಳಿಸ್ಲಿಲ್ಲ, ಹುಡುಗ ವಾಸಿ ಆದ. ಶಿಷ್ಯ ತೋಮನೂ ಹಂಗೇ, ಸತ್ತು ಎದ್ದು ಬಂದ ಯೇಸುವಿನ ಗಾಯದಲ್ಲಿ ಬೆರಳಿಟ್ಟ ಹೊರತು ನಂಬಲ್ಲ ಅಂತ ಎಲ್ಲರ ಎದುರಿಗೇ ಹೇಳಿದ, ಎಂಟು ದಿನ ಆದ್ಮೇಲೆ ಅವನಿಗೋಸ್ಕರ ಅಂತಾನೇ ಯೇಸು ಬಂದ.

ನೀವು ಹಾಡೋದು ಬಿಡಬೇಡಿ, ಡೌಟನ್ನ ಪ್ರಾರ್ಥನೇಲೇ ಹೇಳಿ, ಯಾರಾದ್ರೂ ಇದೀರಾ ಅಂತಾನೇ ಶುರು ಮಾಡಿ, ಕೀರ್ತನೆಗಳಲ್ಲಿ ಇದಕ್ಕಿಂತ ಜೋರಾಗಿ ಕೇಳಿದವರು ಇದಾರೆ. ಮಕ್ಕಳಿಗೆ ಈಗಲೇ ಎಲ್ಲಾ ಹೇಳಬೇಕು ಅಂತಿಲ್ಲ, ಕೇಳಿದ ದಿನ ಮಾತ್ರ ಸುಳ್ಳು ಹೇಳಬೇಡಿ.

ಪ್ರ: ಸಂಡೇ ಸ್ಕೂಲ್ ಟೀಚರ್ ನಾನು. ಆಹಾಜ ಗುರುತು ಕೇಳಲಿಲ್ಲ ಅಂತ ತಪ್ಪು, ಸರಿ. ಅವನ ಮಗ ಹಿಜ್ಕೀಯ ಗುರುತು ಕೇಳಿದ್ನಲ್ಲ, ಅದು ತಪ್ಪಲ್ವಾ ಅಂತ ಆರನೇ ಕ್ಲಾಸ್ ಹುಡುಗಿ ಕೇಳಿದ್ಲು, ನನಗೆ ಉತ್ತರ ಬರ್ಲಿಲ್ಲ. (ಭದ್ರಾವತಿ)

ಉ: ಆ ಹುಡುಗಿಗೆ ನನ್ನ ಕಡೆಯಿಂದ ಒಂದು ಪೆನ್ನು ಕೊಡ್ಸಿ, ದುಡ್ಡು ನಾನು ಕೊಡ್ತೀನಿ. ಈ ಅಪ್ಪ ಮಗನ ಕಥೆ ಪಕ್ಕ ಪಕ್ಕ ಇಟ್ಟೇ ಓದಬೇಕು. ಆಹಾಜ ದೇವಾಲಯದ ಬಾಗಿಲು ಮುಚ್ಚಿಸಿದ್ದ, ಹಿಜ್ಕೀಯ ಪಟ್ಟಕ್ಕೆ ಬಂದ ಮೊದಲನೇ ವರ್ಷ ಮೊದಲನೇ ತಿಂಗಳಲ್ಲೇ ತೆಗೆಸಿ ರಿಪೇರಿ ಮಾಡಿಸಿದ, ಅದು 2 ಪೂರ್ವಕಾಲವೃತ್ತಾಂತ 28, 29ರಲ್ಲಿದೆ. ಅಪ್ಪ ಕಾಪಾಡು ಅಂತ ಕರೆಸಿದ್ದ ಅಶ್ಶೂರದವರೇ ಕ್ರಿಸ್ತಪೂರ್ವ 701ರಲ್ಲಿ ಮಗನ ಮೇಲೆ ದಂಡೆತ್ತಿ ಬಂದ್ರು, ಅವರ ಅಧಿಕಾರಿ ಬಂದು ನಿಂತು ಬೆದರಿಸಿದ ಜಾಗ ಯಾವುದು ಗೊತ್ತಾ, ಅದೇ ಮೇಲಿನ ಕೆರೆ ಕಾಲುವೆ, ಅದೇ ಅಗಸರ ಹೊಲದ ದಾರಿ, ಯೆಶಾಯ 36:2. ಹಿಜ್ಕೀಯ ಆಮೇಲೆ ಬಂದ ಬೆದರಿಕೆ ಕಾಗದಾನ ದೇವಾಲಯಕ್ಕೆ ತಗೊಂಡು ಹೋಗಿ ದೇವರ ಮುಂದೆ ಬಿಡಿಸಿ ಹರಡಿಟ್ಟ. ಮೊದಲು ಓದಿದ, ಆಮೇಲೆ ಹರಡಿದ, ಏನೂ ಬಚ್ಚಿಡಲಿಲ್ಲ.

ಗುರುತು ಕೇಳಿದ್ದು ಕಾಯಿಲೆ ಬಿದ್ದಾಗ, 2 ಅರಸುಗಳು 20. ವಾಸಿ ಆಗ್ತೀನಿ ಅನ್ನೋದಕ್ಕೆ ಗುರುತೇನು ಅಂತ ಯೆಶಾಯನನ್ನ ಕೇಳಿದ. ಯೆಶಾಯ ಬೈಲಿಲ್ಲ, ಚಾಯ್ಸ್ ಕೊಟ್ಟ: ಮೆಟ್ಟಿಲ ಮೇಲೆ ಬಿದ್ದ ಬಿಸಿಲಿನ ನೆರಳು ಹತ್ತು ಮೆಟ್ಟಿಲು ಮುಂದೆ ಹೋಗಬೇಕೋ, ಹಿಂದೆ ಬರಬೇಕೋ? ಮುಂದೆ ಹೋಗೋದು ಸುಲಭ, ಹಿಂದೆ ಬರ್ಲಿ ಅಂದ ಹಿಜ್ಕೀಯ, ನೆರಳು ಹತ್ತು ಮೆಟ್ಟಿಲು ಹಿಂದೆ ಬಂತು. ಆ ಮೆಟ್ಟಿಲು ಕಟ್ಟಿಸಿದ್ದು ಯಾರು ಅಂತ ಹುಡುಗಿ ಹತ್ರನೇ ಹುಡುಕಿಸಿ, ಯೆಶಾಯ 38:8ರಲ್ಲಿ ಹೆಸರಿದೆ, "ಆಹಾಜನ ಮೆಟ್ಟಿಲು" ಅಂತ.